ಕರ್ನಲ್‌ನಲ್ಲಿ ಯೂಸ್-ಆಫ್ಟರ್-ಫ್ರೀ ರೇಸ್ ಸರಿಪಡಿಸುವುದು ಹೇಗೆ: ಎಎಫ್_ಪ್ಯಾಕೆಟ್ ಟೈಮರ್ ಬಗ್ ಹಿಡಿದು ಒಂದು ಕೈಪಿಡಿ

ಕ್ರ್ಯಾಶ್ ಆದ ಸಾಲಿನ ಮೇಲೆ ಒಂದು ನಲ್ ಚೆಕ್ (ಪಾಯಿಂಟರ್ ಖಾಲಿಯೇ ಎಂಬ ಪರೀಕ್ಷೆ) ಹಾಕಿದರೆ ಯೂಸ್-ಆಫ್ಟರ್-ಫ್ರೀ ರೇಸ್ (ಇಬ್ಬರ ಪೈಪೋಟಿಯಲ್ಲಿ ಫ್ರೀ ಆದ ಮೆಮೊರಿಯನ್ನು ಮತ್ತೆ ಮುಟ್ಟುವ ಬಗ್) ಹೋಗುವುದಿಲ್ಲ. ಮೊದಲು ಬೇಗ ಬೇಗ ಸಿಗುತ್ತಿದ್ದದ್ದು ಈಗ ಅಪರೂಪಕ್ಕೆ ಸಿಗುತ್ತದೆ, ಅಷ್ಟೇ. ಹುಡುಕುವವರಿಗೆ ಇನ್ನೂ ಕಷ್ಟ. ಒಂದು ಥ್ರೆಡ್ ಮೆಮೊರಿ ಬಿಟ್ಟುಕೊಟ್ಟ ಮೇಲೂ ಇನ್ನೊಂದು ಥ್ರೆಡ್, ಟೈಮರ್ ಅಥವಾ ಇಂಟರಪ್ಟ್ ಅದನ್ನೇ ಮುಟ್ಟುತ್ತದೆ ಎಂದರೆ, ತಪ್ಪು ಮುಟ್ಟಿದ ಜಾಗದಲ್ಲಿ ಇರುವುದು ಕಡಿಮೆ. ಅದಕ್ಕೂ ಬಹಳ ಮೊದಲು ಯಾವುದೋ ಒಂದು ಕೋಡ್ ಒಂದು ಸ್ಥಿತಿಯನ್ನು ನೋಡಿ ನಿರ್ಧಾರ ಮಾಡಿರುತ್ತದೆ, ಆ ನಿರ್ಧಾರ ಜಾರಿಗೆ ಬರುವಷ್ಟರಲ್ಲಿ ಸ್ಥಿತಿ ಬದಲಾಗಿರುತ್ತದೆ. ರಿಪೇರಿ ಆಗಬೇಕಾದದ್ದು ಅಲ್ಲಿ.

ಇದನ್ನು ಒಂದು ನಿಜವಾದ ಬಗ್ ಮೇಲೆ ನೋಡೋಣ. ಲಿನಕ್ಸ್‌ನ ಸಿವಿಇ-2016-8655 (ಸಿವಿಇ ಎಂದರೆ ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ). 2011ರ ಆಗಸ್ಟ್‌ನಲ್ಲಿ ಕರ್ನಲ್‌ಗೆ ಬಂದದ್ದು, ಫಿಲಿಪ್ ಪೆಟರ್ಸನ್ ಕಂಡುಹಿಡಿದು 2016ರ ಡಿಸೆಂಬರ್‌ನಲ್ಲಿ ಬಹಿರಂಗವಾಯಿತು. ಪ್ಯಾಚ್ ಬರೆದವರೂ ಅವರೇ.

ಬಗ್ ಇದ್ದದ್ದು ಎಲ್ಲಿ

ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್‌ನಂಥ ಸಾಧನಗಳು ಬಳಸುವುದು ಪ್ಯಾಕೆಟ್ ಸಾಕೆಟ್, ಅಂದರೆ ಶೀರ್ಷಿಕೆಯ ಎಎಫ್_ಪ್ಯಾಕೆಟ್. ಪ್ರತಿ ಪ್ಯಾಕೆಟ್‌ಗೂ ಸಿಸ್ಟಮ್ ಕಾಲ್ ಮಾಡಿದರೆ ದುಬಾರಿ, ಆದ್ದರಿಂದ ಕರ್ನಲ್ ಮತ್ತು ಪ್ರೋಗ್ರಾಮ್ ಇಬ್ಬರೂ ನೋಡಬಲ್ಲ ಒಂದು ರಿಂಗ್ ಬಫರ್ ಇರುತ್ತದೆ. ಇದರ ಮೂರನೇ ಆವೃತ್ತಿ ಟಿಪ್ಯಾಕೆಟ್_ವಿ3 ಪ್ಯಾಕೆಟ್‌ಗಳನ್ನು ಬ್ಲಾಕ್ ಬ್ಲಾಕ್ ಆಗಿ ಒಪ್ಪಿಸುತ್ತದೆ. ಬ್ಲಾಕ್ ತುಂಬುವ ತನಕ ಕಾಯುತ್ತ ಕೂತರೆ ಟ್ರಾಫಿಕ್ ಕಡಿಮೆ ಇದ್ದಾಗ ಏನೂ ಬರುವುದೇ ಇಲ್ಲವಲ್ಲ, ಹಾಗಾಗಿ ನಿಗದಿತ ಹೊತ್ತು ಮೀರಿದರೆ ಅರೆಬರೆ ತುಂಬಿದ ಬ್ಲಾಕನ್ನೇ ಮುಚ್ಚಿ ಒಪ್ಪಿಸಲು ಒಂದು ಟೈಮರ್ ಇಟ್ಟಿದ್ದರು. ವಿ1, ವಿ2ಗೆ ಈ ಟೈಮರ್ ಇಲ್ಲ. ಟೈಮರ್‌ನ ಸ್ಟ್ರಕ್ಟ್ ಸಾಕೆಟ್‌ನ ಸ್ಟ್ರಕ್ಟ್ ಒಳಗೇ ಹುದುಗಿತ್ತು. ಸಾಕೆಟ್ ಫ್ರೀ ಆದರೆ ಟೈಮರೂ ಹೋಯಿತು.

ರಿಂಗ್ ಕಟ್ಟುವುದು ಪ್ಯಾಕೆಟ್_ಸೆಟ್_ರಿಂಗ್ ಎಂಬ ಫಂಕ್ಷನ್. ಅದರೊಳಗಿನ ಕ್ರಮವೇ ಮುಖ್ಯ. ಮೊದಲು ಪುಟಗಳನ್ನು ಅಲೊಕೇಟ್ ಮಾಡುತ್ತದೆ. ಆವೃತ್ತಿ ವಿ3 ಆಗಿದ್ದರೆ ಇನಿಟ್_ಪಿಆರ್‌ಬಿ_ಬಿಡಿಕ್ಯೂಸಿ ಕರೆಯುತ್ತದೆ, ಟೈಮರ್ ಅಲ್ಲೇ ಓಡಲು ಶುರು. ಆಮೇಲೆ ಸಾಕೆಟ್ಟನ್ನು ನೆಟ್‌ವರ್ಕ್‌ನಿಂದ ಬಿಡಿಸಿ, ಕೊನೆಯಲ್ಲಿ ಆ ಪುಟಗಳ ಪಟ್ಟಿಯಾದ ಪಿಜಿ_ವೆಕ್ ಪಾಯಿಂಟರನ್ನು ಸಾಕೆಟ್‌ನ ರಿಂಗ್‌ಗೆ ಹಾಕುತ್ತದೆ. ಅಂದರೆ ಟೈಮರ್ ಚಾಲೂ ಆಗಿ, ಪಿಜಿ_ವೆಕ್ ಮಾತ್ರ ಇನ್ನೂ ನಲ್ ಆಗಿರುವ ಒಂದು ಸಂದಿ ಇದೆ.

ಆವೃತ್ತಿ ಬದಲಿಸುವ ಪ್ಯಾಕೆಟ್_ವರ್ಷನ್ ಎಂಬ ಸಾಕೆಟ್ ಆಪ್ಷನ್ ನೋಡುತ್ತಿದ್ದದ್ದು ಪಿಜಿ_ವೆಕ್ ಒಂದನ್ನೇ. ಅದು ನಲ್ ಆಗಿದ್ದರೆ ರಿಂಗ್ ಇನ್ನೂ ಕಟ್ಟಿಲ್ಲ, ಆವೃತ್ತಿ ಬದಲಿಸಬಹುದು ಎಂಬ ಲೆಕ್ಕ. ಸಂದಿಯಲ್ಲಿ ಇನ್ನೊಂದು ಥ್ರೆಡ್ ನುಗ್ಗಿ ಆವೃತ್ತಿಯನ್ನು ವಿ3ರಿಂದ ವಿ1ಕ್ಕೆ ಇಳಿಸಿತು ಎನ್ನಿ. ಮೊದಲ ಥ್ರೆಡ್ ಏನೂ ತಿಳಿಯದೆ ಕೆಲಸ ಮುಗಿಸುತ್ತದೆ. ಸಾಕೆಟ್ ಮುಚ್ಚುವಾಗ ಅದೇ ಪ್ಯಾಕೆಟ್_ಸೆಟ್_ರಿಂಗ್ ಆವೃತ್ತಿ ವಿ2ಕ್ಕಿಂತ ಹೆಚ್ಚೇ ಎಂದು ಕೇಳಿ, ಹೌದಾದರೆ ಮಾತ್ರ ಟೈಮರ್ ನಿಲ್ಲಿಸುತ್ತದೆ. ಈಗ ವಿ1. ಟೈಮರ್ ನಿಲ್ಲುವುದಿಲ್ಲ, ಸಾಕೆಟ್ ಫ್ರೀ ಆಗುತ್ತದೆ, ಸ್ವಲ್ಪ ಹೊತ್ತಿಗೆ ಟೈಮರ್‌ಗಳನ್ನು ಓಡಿಸುವ ಸಾಫ್ಟ್‌ಐಆರ್‌ಕ್ಯೂ ಫ್ರೀ ಆದ ಮೆಮೊರಿಯೊಳಗಿನ ಫಂಕ್ಷನ್ ಪಾಯಿಂಟರ್ ಹಿಡಿದು ಜಿಗಿಯುತ್ತದೆ. ಆ ಜಾಗವನ್ನು ಅಷ್ಟರಲ್ಲಿ ತನ್ನ ಡೇಟಾದಿಂದ ತುಂಬಿದವನು ಕರ್ನಲ್ ಎಲ್ಲಿಗೆ ಜಿಗಿಯಬೇಕೆಂದು ತಾನೇ ಹೇಳಬಹುದು. ಪ್ಯಾಕೆಟ್ ಸಾಕೆಟ್‌ಗೆ ಕ್ಯಾಪ್_ನೆಟ್_ರಾ ಅಧಿಕಾರ ಬೇಕು ನಿಜ, ಆದರೆ ಸಾಮಾನ್ಯ ಬಳಕೆದಾರರಿಗೂ ಯೂಸರ್ ನೇಮ್‌ಸ್ಪೇಸ್ (ತನ್ನೊಳಗೆ ರೂಟ್‌ನ ಅಧಿಕಾರ ಕೊಡುವ ಪ್ರತ್ಯೇಕ ಆವರಣ) ತೆರೆಯಲು ಬಿಡುವ ಡಿಸ್ಟ್ರೋಗಳಲ್ಲಿ ಅದು ಪುಕ್ಕಟೆ ಸಿಗುತ್ತದೆ.

ಪರೀಕ್ಷೆಗೆ ಕರ್ನಲ್ ಕಟ್ಟಿಕೊಳ್ಳಿ

ಕ್ಯೂಎಮು-ಕೆವಿಎಂ ವರ್ಚುವಲ್ ಮಷೀನ್‌ಗೆ (ವಿಎಂ) ಕನಿಷ್ಠ 2, ಸಾಧ್ಯವಾದರೆ 4 ಸಿಪಿಯು ಕೊಡಿ. ಒಂದೇ ಸಿಪಿಯು ಇದ್ದರೆ ಅರ್ಧಕ್ಕರ್ಧ ರೇಸ್‌ಗಳು ಕಾಣುವುದೇ ಇಲ್ಲ. ಕರ್ನಲ್ ಕಾನ್ಫಿಗ್‌ನಲ್ಲಿ ಜೆನೆರಿಕ್ ಕಾಸಾನ್ (ತಪ್ಪು ಮೆಮೊರಿ ಮುಟ್ಟಿದ್ದನ್ನು ಹಿಡಿಯುವ ಸಾಧನ), ಡೀಬಗ್ ಇನ್ಫೋ, ಪೂರ್ಣ ಪ್ರೀಎಂಪ್ಟ್, ಪ್ರೂವ್_ಲಾಕಿಂಗ್ (ಲಾಕ್ ಹಿಡಿಯುವ ಕ್ರಮ ಪರೀಕ್ಷಿಸುವ ಲಾಕ್‌ಡೆಪ್) ಹಾಕಿ. ಕಾಸಾನ್ ಪ್ರತಿ 8 ಬೈಟ್‌ಗೆ 1 ಬೈಟ್ ಶ್ಯಾಡೋ (ಆ ಮೆಮೊರಿಯ ಸ್ಥಿತಿಯ ಗುರುತು) ಇಡುತ್ತದೆ, ಅಂದರೆ ಮೆಮೊರಿಯ ಎಂಟನೇ ಒಂದು ಭಾಗ ಅದಕ್ಕೇ ಹೋಗುತ್ತದೆ. ವಿಎಂಗೆ ಮೆಮೊರಿ ಕೊಡುವಾಗ ಜಿಪುಣತನ ಬೇಡ. ಬೂಟ್ ಸಾಲಿನಲ್ಲಿ ನೋಕೆಎಎಸ್ಎಲ್ಆರ್ ಹಾಕಿದರೆ ವಿಳಾಸಗಳು ಪ್ರತಿ ಬೂಟ್‌ಗೂ ಬದಲಾಗುವುದಿಲ್ಲ. ಕಾಸಾನ್ ಸಾಮಾನ್ಯವಾಗಿ ಮೊದಲ ವರದಿ ಕೊಟ್ಟು ಸುಮ್ಮನಾಗುತ್ತದೆ, ಮುಂದಿನವೂ ಬೇಕಿದ್ದರೆ ಕಾಸಾನ್_ಮಲ್ಟಿ_ಶಾಟ್ ಸೇರಿಸಿ.

ಬಹಳ ಜನ ಬಿಟ್ಟುಬಿಡುವುದು ಡೀಬಗ್_ಆಬ್ಜೆಕ್ಟ್ಸ್, ಟೈಮರ್‌ನಂಥ ವಸ್ತುಗಳ ಹುಟ್ಟು-ಸಾವಿನ ಮೇಲೆ ಕಣ್ಣಿಡುವ ಆಯ್ಕೆ. ಅದರ ಜೊತೆಗೆ ಡೀಬಗ್_ಆಬ್ಜೆಕ್ಟ್ಸ್_ಫ್ರೀ, _ಟೈಮರ್ಸ್, _ವರ್ಕ್ ಇವಿಷ್ಟನ್ನೂ ಆನ್ ಮಾಡಿ. ಟೈಮರ್ ಅಥವಾ ವರ್ಕ್ (ಆಮೇಲೆ ಮಾಡಲು ಸರದಿಗೆ ಹಾಕಿದ ಕೆಲಸ) ಒಳಗೊಂಡ ಬಗ್‌ಗೆ ಇದು ಕಾಸಾನ್‌ಗಿಂತ ಎಷ್ಟೋ ವಾಸಿ. ಕಾರಣ ಇದು: ಕರ್ನಲ್ ಟೈಮರ್‌ಗಳು ಒಂದಕ್ಕೊಂದು ಪಟ್ಟಿಯಲ್ಲಿ ಪೋಣಿಸಿಕೊಂಡಿರುತ್ತವೆ. ಫ್ರೀ ಆದ ಟೈಮರ್ ಆ ಪಟ್ಟಿಯಲ್ಲಿ ಉಳಿದರೆ, ಪಕ್ಕದ ಟೈಮರನ್ನು ಸೇರಿಸುವ ಅಥವಾ ತೆಗೆಯುವ ಯಾವುದೋ ನಿರಪರಾಧಿ ಪ್ರೊಸೆಸ್ ಅದನ್ನು ಮುಟ್ಟಿ ಕಾಸಾನ್ ವರದಿಯಲ್ಲಿ ಸಿಕ್ಕಿಬೀಳುತ್ತದೆ. ಆ ಸ್ಟ್ಯಾಕ್‌ನಲ್ಲಿ ಪ್ಯಾಕೆಟ್ ಸಾಕೆಟ್‌ನ ಹೆಸರೇ ಇರುವುದಿಲ್ಲ. ಡೀಬಗ್_ಆಬ್ಜೆಕ್ಟ್ಸ್ ಮಾತ್ರ ಫ್ರೀ ಆಗುವ ಕ್ಷಣದಲ್ಲೇ "ಫ್ರೀ ಆ್ಯಕ್ಟಿವ್ ಆಬ್ಜೆಕ್ಟ್, ಟೈಪ್ ಟೈಮರ್_ಲಿಸ್ಟ್" ಎಂದು ಕೂಗಿ, ಆ ಟೈಮರ್‌ನ ಕಾಲ್‌ಬ್ಯಾಕ್ (ಹೊತ್ತಾದಾಗ ಓಡುವ ಫಂಕ್ಷನ್) ಹೆಸರನ್ನೂ ಕೊಡುತ್ತದೆ.

ಕೆಸಿಸಾನ್ ಬೇಕಿದ್ದರೆ ಬೇರೆ ಕರ್ನಲ್ ಕಟ್ಟಬೇಕು, ಕಾಸಾನ್ ಜೊತೆ ಅದು ಸೇರುವುದಿಲ್ಲ. ಲಾಕ್ ಇಲ್ಲದೆ ಒಂದೇ ಫೀಲ್ಡನ್ನು ಇಬ್ಬರು ಮುಟ್ಟುತ್ತಿರುವುದನ್ನು ಅದು ತೋರಿಸುತ್ತದೆ. ಅದರ ಎಚ್ಚರಿಕೆಗೆ ಉತ್ತರವಾಗಿ ರೀಡ್_ಒನ್ಸ್, ರೈಟ್_ಒನ್ಸ್ ಹಾಕಿ ಕೈತೊಳೆದುಕೊಳ್ಳುವವರು ಬಹಳ. ಕಂಪೈಲರ್ ಆ ಓದನ್ನು ಒಡೆಯದಂತೆ ಅವು ನೋಡಿಕೊಳ್ಳುತ್ತವೆ, ನೀವು ಓದಿದ ಪಾಯಿಂಟರ್‌ನ ಆ ಕಡೆ ಇರುವ ವಸ್ತು ಬದುಕಿರುತ್ತದೆ ಎಂದು ಯಾವ ಭರವಸೆಯನ್ನೂ ಕೊಡುವುದಿಲ್ಲ.

ವರದಿ ಓದುವಾಗ

ಕಾಸಾನ್ ವರದಿಯಲ್ಲಿ ಮೂರು ಸ್ಟ್ಯಾಕ್ ಇರುತ್ತವೆ: ಮುಟ್ಟಿದ್ದು, ಅಲೊಕೇಟ್ ಮಾಡಿದ್ದು, ಫ್ರೀ ಮಾಡಿದ್ದು. ಎಲ್ಲರ ಕಣ್ಣೂ ಮೊದಲನೆಯದರ ಮೇಲೆ. ನೀವು ಕೆಳಗಿನ ಎರಡನ್ನು ಮೊದಲು ಓದಿ. ಅಲೊಕೇಟ್ ಸ್ಟ್ಯಾಕ್‌ನಿಂದ ವಸ್ತು ಯಾವುದೆಂದು ತಿಳಿಯುತ್ತದೆ, ಇಲ್ಲಿ ಪ್ಯಾಕೆಟ್_ಕ್ರಿಯೇಟ್ ಕಾಣಬೇಕು. ಫ್ರೀ ಸ್ಟ್ಯಾಕ್ ಅದನ್ನು ಯಾರು ಯಾವ ದಾರಿಯಲ್ಲಿ ಕೊಂದರು ಎನ್ನುತ್ತದೆ, ಇಲ್ಲಿ ಪ್ಯಾಕೆಟ್_ರಿಲೀಸ್. ಆಫ್‌ಸೆಟ್ ಕೂಡ ನೋಡಿ: ಎಷ್ಟು ಬೈಟ್ ಒಳಗೆ ಮುಟ್ಟಿದೆ ಎಂಬುದನ್ನು ಫೀಲ್ಡ್‌ಗಳ ಜಾಗ ತೋರಿಸುವ ಪಾಹೋಲ್ ಸಾಧನದಲ್ಲಿ ಸ್ಟ್ರಕ್ಟ್ ಜೊತೆ ಹೋಲಿಸಿದರೆ ಯಾವ ಫೀಲ್ಡ್ ಎಂದು ನೇರ ಗೊತ್ತಾಗುತ್ತದೆ. ವಿಳಾಸಗಳನ್ನು ಸಾಲು ಸಂಖ್ಯೆಗೆ ಇಳಿಸಲು ಸ್ಕ್ರಿಪ್ಟ್ಸ್ ಫೋಲ್ಡರ್‌ನ ಡೀಕೋಡ್_ಸ್ಟ್ಯಾಕ್‌ಟ್ರೇಸ್ ಇದೆ.

ಕಾಸಾನ್ ಇಲ್ಲದ ಕರ್ನಲ್‌ನಿಂದ ಬಂದ ಊಪ್ಸ್ (ಕರ್ನಲ್‌ನ ಕ್ರ್ಯಾಶ್ ವರದಿ) ಆಗಿದ್ದರೆ ರಿಜಿಸ್ಟರ್‌ಗಳ ಮೇಲೆ ಕಣ್ಣಾಡಿಸಿ. ಸ್ಲಬ್ ಪಾಯ್ಸನಿಂಗ್ (ಫ್ರೀ ಆದ ಮೆಮೊರಿಗೆ ಗುರುತು ತುಂಬುವ ಆಯ್ಕೆ) ಆನ್ ಇದ್ದು 6ಬಿ6ಬಿ6ಬಿ6ಬಿ ಎಂಬ ಸರಣಿ ಕಂಡರೆ ಅದು ಫ್ರೀ ಆದ ಮೆಮೊರಿಯೇ.

ಸಂದಿಯನ್ನು ಹಿಗ್ಗಿಸಿ

ಪ್ಯಾಚ್‌ಗೆ ಕೈ ಹಾಕುವ ಮೊದಲು ಬಗ್ ಪ್ರತಿ ಸಲವೂ ಬರುವಂತೆ ಮಾಡಿಕೊಳ್ಳಿ. ಸಾವಿರ ಸಲಕ್ಕೊಮ್ಮೆ ಬರುವ ರೇಸ್ ಪ್ಯಾಚ್ ಆದ ಮೇಲೆ ಬರಲಿಲ್ಲ ಎಂದರೆ ಏನೂ ಸಾಬೀತಾಗಿಲ್ಲ. ಸಂದಿ ಎಲ್ಲಿದೆ ಎಂದು ನಿಮಗೆ ಅನುಮಾನವಿದೆಯೋ ಅಲ್ಲೇ ಒಂದು ಎಂಡಿಲೇ (ಕರ್ನಲ್‌ನಲ್ಲಿ ಕಾಯಿಸುವ ಫಂಕ್ಷನ್) ಹಾಕಿ, 50 ಮಿಲಿಸೆಕೆಂಡ್ ಸಾಕು. ಈ ಬಗ್‌ನಲ್ಲಿ ಅದು ಇನಿಟ್_ಪಿಆರ್‌ಬಿ_ಬಿಡಿಕ್ಯೂಸಿ ಕರೆದ ಮುಂದಿನ ಸಾಲು. ಎಂಎಸ್‌ಲೀಪ್ ಬದಲು ಎಂಡಿಲೇ ಏಕೆಂದರೆ ಅದು ನಿದ್ದೆ ಮಾಡದೆ ಸುತ್ತುತ್ತಿರುತ್ತದೆ, ಸ್ಪಿನ್‌ಲಾಕ್ ಹಿಡಿದ ಜಾಗದಲ್ಲೂ ನಡೆಯುತ್ತದೆ. ನಿಮ್ಮ ಪರೀಕ್ಷಾ ಪ್ರೋಗ್ರಾಮ್‌ನ ಎರಡು ಥ್ರೆಡ್‌ಗಳನ್ನು ಎರಡು ಬೇರೆ ಸಿಪಿಯುಗಳಿಗೆ ಕಟ್ಟಿಹಾಕಿ. ಒಂದು ರಿಂಗ್ ಕಟ್ಟಲಿ, ಇನ್ನೊಂದು ಆವೃತ್ತಿಯನ್ನು ವಿ1, ವಿ3 ಎಂದು ತಿರುಗಿಸುತ್ತಿರಲಿ, ಆಮೇಲೆ ಸಾಕೆಟ್ ಮುಚ್ಚಿ.

ಎಂಡಿಲೇ ಹಾಕಿದ ಮೇಲೂ ಬಗ್ ಬರದಿದ್ದರೆ ನಿಮ್ಮ ಊಹೆ ತಪ್ಪು. ಅದನ್ನು ಈಗಲೇ ತಿಳಿಯುವುದು ಒಳ್ಳೆಯದು.

ಇನ್ನೊಂದು ಸಂದಿಯನ್ನೂ ಇಲ್ಲಿ ಗಮನಿಸಬೇಕು. ಹಳೆಯ ಪ್ಯಾಕೆಟ್_ವರ್ಷನ್ ಕೋಡ್ ಪಿಜಿ_ವೆಕ್ ನಲ್ ಎಂದು ಮೊದಲು ನೋಡಿ, ಆಮೇಲೆ ಕಾಪಿ_ಫ್ರಮ್_ಯೂಸರ್ ಕರೆದು, ಅದಾದ ಮೇಲೆ ಆವೃತ್ತಿ ಬರೆಯುತ್ತಿತ್ತು. ನೋಡಿದ್ದಕ್ಕೂ ಬರೆದದ್ದಕ್ಕೂ ನಡುವೆ ಯೂಸರ್ ಮೆಮೊರಿ ಓದು! ಆ ಪುಟ ಮೆಮೊರಿಯಲ್ಲಿ ಇಲ್ಲದಿದ್ದರೆ ಪೇಜ್ ಫಾಲ್ಟ್. ಪೇಜ್ ಫಾಲ್ಟನ್ನು ಪ್ರೋಗ್ರಾಮ್ ಕೈಗೇ ಕೊಡುವ ಯೂಸರ್‌ಫಾಲ್ಟ್‌ಎಫ್‌ಡಿ ಬಳಸಿದರೆ ಥ್ರೆಡ್ಡನ್ನು ಅಲ್ಲೇ ಬೇಕಾದಷ್ಟು ಹೊತ್ತು ನಿಲ್ಲಿಸಬಹುದು. ಕೆಲವು ನ್ಯಾನೊಸೆಕೆಂಡ್‌ನ ಸಂದಿ, ಯಾರಿಗೂ ಸಿಗದು ಎಂಬ ವಾದ ಕೇಳಿದಾಗೆಲ್ಲ ನಡುವೆ ಕಾಪಿ_ಫ್ರಮ್_ಯೂಸರ್ ಇದೆಯೇ ಎಂದು ಹುಡುಕಿ.

ಲಾಕ್ ಎಲ್ಲಿಂದ ಎಲ್ಲಿಯವರೆಗೆ

ಒಂದು ಕಾಗದದ ಮೇಲೆ ಬರೆದುಕೊಳ್ಳಿ: ಯಾವ ಯಾವ ಫೀಲ್ಡ್‌ಗಳು ಒಟ್ಟಿಗೇ ಬದಲಾಗಬೇಕು? ಇಲ್ಲಿ ಮೂರು: ಆವೃತ್ತಿ, ಪಿಜಿ_ವೆಕ್, ಟೈಮರ್‌ನ ಸ್ಥಿತಿ. ಟೈಮರ್ ಓಡುತ್ತಿದೆ ಎಂದರೆ ಆವೃತ್ತಿ ವಿ3 ಆಗಿಯೇ ಇರಬೇಕು. ಈ ಮಾತು ಯಾವ ಕ್ಷಣದಲ್ಲಿ ಸುಳ್ಳಾಗಬಲ್ಲದು, ಆ ಕ್ಷಣ ಹೊರಗಿನವರಿಗೆ ಕಾಣುತ್ತದೆಯೇ? ಕಾಣುತ್ತದೆ ಎಂದಾದರೆ ಅಷ್ಟೂ ಹೊತ್ತು ಲಾಕ್ ಬೇಕು.

ತಮಾಷೆ ಎಂದರೆ ಪ್ಯಾಕೆಟ್_ಸೆಟ್_ರಿಂಗ್‌ನಲ್ಲಿ ಲಾಕ್_ಸಾಕ್ (ಸಾಕೆಟ್‌ನ ಲಾಕ್ ಹಿಡಿಯುವ ಕರೆ, ಬಿಡುವುದು ರಿಲೀಸ್_ಸಾಕ್) ಮೊದಲಿಂದಲೂ ಇತ್ತು. ಆದರೆ ಫಂಕ್ಷನ್‌ನ ನಡುವೆ, ಟೈಮರ್ ಶುರುವಾದ ಮೇಲೆ ಹಿಡಿಯುತ್ತಿತ್ತು. ಪೆಟರ್ಸನ್ ಅವರ ಪ್ಯಾಚ್ ಹೊಸ ಲಾಕ್ ಸೇರಿಸಲಿಲ್ಲ, ಇದ್ದದ್ದನ್ನು ಆವೃತ್ತಿ ಓದುವುದಕ್ಕೂ ಮೊದಲು ಬರುವಂತೆ ಮೇಲಕ್ಕೆ ಸರಿಸಿತು. ರಿಲೀಸ್_ಸಾಕ್ ಎಲ್ಲ ಎರರ್ ದಾರಿಗಳೂ ಹಾದುಹೋಗುವ ಔಟ್ ಲೇಬಲ್‌ಗೆ ಇಳಿಯಿತು. ಪ್ಯಾಕೆಟ್_ವರ್ಷನ್ ಕಡೆ ಕಾಪಿ_ಫ್ರಮ್_ಯೂಸರ್ ಮತ್ತು ಮೌಲ್ಯ ಸರಿಯಿದೆಯೇ ಎಂಬ ಪರೀಕ್ಷೆ ಮೊದಲು, ಲಾಕ್ ಇಲ್ಲದೆ. ನಂತರ ಲಾಕ್_ಸಾಕ್, ಅದರೊಳಗೆ ಪಿಜಿ_ವೆಕ್ ನೋಡಿ ಆವೃತ್ತಿ ಬರೆಯುವುದು, ರಿಲೀಸ್_ಸಾಕ್. ನೋಡುವುದೂ ಮಾಡುವುದೂ ಒಂದೇ ಲಾಕ್ ಒಳಗೆ ಬಂತು.

ಸ್ಪಿನ್‌ಲಾಕ್ ಏಕಾಗದು? ಆ ಹಾದಿಯಲ್ಲಿ ಪುಟಗಳ ಅಲೊಕೇಶನ್ ಇದೆ, ಅದು ನಿದ್ದೆ ಹೋಗಬಹುದು. ಸ್ಪಿನ್‌ಲಾಕ್ ಹಿಡಿದು ನಿದ್ದೆ ಹೋಗುವಂತಿಲ್ಲ. ತದ್ವಿರುದ್ಧವಾಗಿ ಲಾಕ್_ಸಾಕ್ ಸ್ವತಃ ನಿದ್ದೆ ಹೋಗುವ ಲಾಕ್, ಟೈಮರ್ ಕಾಲ್‌ಬ್ಯಾಕ್ ಒಳಗೆ ಅದನ್ನು ಹಿಡಿಯಲು ಬಾರದು. ಕಾಲ್‌ಬ್ಯಾಕ್ ಜೊತೆ ಹಂಚಿಕೊಳ್ಳುವ ಡೇಟಾಗೆ ಸ್ಪಿನ್_ಲಾಕ್_ಬಿಎಚ್, ಹಾರ್ಡ್ ಇಂಟರಪ್ಟ್ ಜೊತೆಗಾದರೆ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್.

ಮುಚ್ಚುವಾಗ ಆವೃತ್ತಿ ನೋಡದೆ ಟೈಮರ್ ನಿಲ್ಲಿಸಿದರಾಯಿತಲ್ಲ ಎಂದು ಕೇಳಬಹುದು. ಕ್ರ್ಯಾಶ್ ನಿಲ್ಲುತ್ತದೆ, ಬಗ್ ಉಳಿಯುತ್ತದೆ. ವಿ3ಕ್ಕೆ ಕಟ್ಟಿದ ರಿಂಗನ್ನು ವಿ1 ಎಂದು ಓದುವ ಕೋಡ್ ಆಗಲೂ ಇರುತ್ತದೆ. ಮೇಲಾಗಿ ವಿ1ಕ್ಕೆ ಟೈಮರ್ ಇನಿಶಿಯಲೈಸ್ ಆಗಿಯೇ ಇರುವುದಿಲ್ಲ.

ಪಕ್ಕದ ಫೀಲ್ಡ್‌ಗಳನ್ನು ಬಿಡಬೇಡಿ

ಈ ಬಗ್ ಕಲಿಸುವ ಹೆಚ್ಚಿನ ಪಾಠ ಪ್ಯಾಚ್ ಆದ ಮೇಲಿನದು. ಪ್ಯಾಕೆಟ್_ಸೆಟ್_ರಿಂಗ್ ಆವೃತ್ತಿಯ ಜೊತೆಗೆ ಟಿಪಿ_ರಿಸರ್ವ್ ಎಂಬ ಫೀಲ್ಡನ್ನೂ ಓದುತ್ತದೆ. ಅದನ್ನು ಬದಲಿಸುವ ಪ್ಯಾಕೆಟ್_ರಿಸರ್ವ್ ಆಪ್ಷನ್‌ನಲ್ಲಿ ಅದೇ ಮಾದರಿ: ಪಿಜಿ_ವೆಕ್ ನೋಡು, ಬರೆ, ಲಾಕ್ ಇಲ್ಲ. ಅದು ಹಾಗೆಯೇ ಉಳಿದು 2017ರಲ್ಲಿ ಸಿವಿಇ-2017-1000111 ಆಯಿತು, ಕರ್ನಲ್‌ಗೆ ಮನಬಂದಂತೆ ಕರೆಗಳನ್ನು ಕೊಟ್ಟು ಬಗ್ ಹುಡುಕುವ ಸಿಜ್‌ಕಾಲರ್ ಸಾಧನ ಕಂಡುಹಿಡಿಯಿತು. ರಿಪೇರಿ ಮತ್ತೆ ಅದೇ ಲಾಕ್_ಸಾಕ್. 2018ರಲ್ಲಿ ಅದೇ ಸ್ಟ್ರಕ್ಟ್‌ನ ಬಿಟ್‌ಫೀಲ್ಡ್‌ಗಳ ಸರದಿ. ಬಿಟ್‌ಫೀಲ್ಡ್ ಒಂದನ್ನು ಬರೆಯುವುದೆಂದರೆ ಇಡೀ ವರ್ಡ್ ಓದಿ, ಬದಲಿಸಿ, ವಾಪಸ್ ಬರೆಯುವುದು. ಪಕ್ಕದ ಬಿಟ್ಟನ್ನು ಇನ್ನೊಂದು ಸಿಪಿಯು ಅದೇ ಹೊತ್ತಿಗೆ ಬರೆದಿದ್ದರೆ ಅದು ಅಳಿಸಿಹೋಗುತ್ತದೆ. ಸಿ ಕೋಡ್‌ನಲ್ಲಿ ನೋಡಿದರೆ ಇಬ್ಬರೂ ಬೇರೆ ಬೇರೆ ಹೆಸರು ಮುಟ್ಟುತ್ತಿರುವಂತೆಯೇ ಕಾಣುತ್ತದೆ.

ಓದುವವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ರಿಂಗ್ ಕಟ್ಟುವ ಸೆಟ್‌ಸಾಕ್‌ಆಪ್ಟ್ ಕೋಡ್, ಪ್ಯಾಕೆಟ್_ಸೆಟ್_ರಿಂಗ್ ಕರೆಯುವ ಮೊದಲೇ ಆವೃತ್ತಿ ನೋಡಿ ಯೂಸರ್‌ನಿಂದ ಎಷ್ಟು ಬೈಟ್ ತರಬೇಕು ಎಂದು ತೀರ್ಮಾನಿಸುತ್ತದೆ: ವಿ1, ವಿ2ಕ್ಕೆ 16, ವಿ3ಕ್ಕೆ 28. 16 ಬೈಟ್ ತಂದ ಮೇಲೆ ಯಾರಾದರೂ ಆವೃತ್ತಿಯನ್ನು ವಿ3 ಮಾಡಿದರೆ ಉಳಿದ 12 ಬೈಟ್ ಸ್ಟ್ಯಾಕ್‌ನ ಹಳೆಯ ಕಸ. ಈಗಿನ ಕರ್ನಲ್‌ಗಳಲ್ಲಿ ಲಾಕ್_ಸಾಕ್ ಪ್ಯಾಕೆಟ್_ಸೆಟ್_ರಿಂಗ್ ಒಳಗಿಲ್ಲ, ಅದನ್ನು ಕರೆಯುವವರೇ ಆವೃತ್ತಿ ಓದುವ ಮೊದಲು ಹಿಡಿದಿರುತ್ತಾರೆ.

ರೇಸ್ ಇಲ್ಲದೆಯೂ ಅದೇ ಮೂರು ಫೀಲ್ಡ್‌ಗಳ ನಂಟು ಮತ್ತೊಮ್ಮೆ ಕಚ್ಚಿತು. ವಿ3ರ ಸ್ಥಿತಿ ಮತ್ತು ಆರ್‌ಎಕ್ಸ್_ಓನರ್_ಮ್ಯಾಪ್ ಪಾಯಿಂಟರ್ ಒಂದೇ ಯೂನಿಯನ್‌ನಲ್ಲಿ (ಒಂದೇ ಮೆಮೊರಿ ಜಾಗ ಹಂಚಿಕೊಳ್ಳುವ ಫೀಲ್ಡ್‌ಗಳ ಗುಂಪು) ಕೂತವು, ಆವೃತ್ತಿ ಬದಲಾದ ಮೇಲೆ ಹಳೆಯ ವಿ3 ಡೇಟಾವನ್ನು ಪಾಯಿಂಟರ್ ಎಂದು ತಿಳಿದು ಫ್ರೀ ಮಾಡುವ ಬಗ್ ಸಿವಿಇ-2021-22600 ಆಯಿತು.

ಹಾಗಾಗಿ ನಿಮ್ಮ ಪ್ಯಾಚ್ ಬರೆದಾದ ಮೇಲೆ, ಲಾಕ್ ಒಳಗೆ ಓದಿದ ಪ್ರತಿಯೊಂದು ಫೀಲ್ಡ್ ಹೆಸರನ್ನೂ ಗ್ರೆಪ್ ಮಾಡಿ ಬರೆಯುವ ಜಾಗಗಳನ್ನು ಒಂದೊಂದಾಗಿ ತೆರೆಯಿರಿ. ಬೇಸರದ ಕೆಲಸ ಹೌದು. ಮುಂದಿನ ಸಿವಿಇ ಸಿಗುವುದು ಅಲ್ಲೇ.

ಟೈಮರ್, ವರ್ಕ್ ನಿಲ್ಲಿಸುವ ಕ್ರಮ

ಲಾಕ್ ಸರಿಯಿದ್ದೂ ಮುಚ್ಚುವ ಕ್ರಮ ತಪ್ಪಿದರೆ ಅದೇ ಯೂಸ್-ಆಫ್ಟರ್-ಫ್ರೀ. ಬರೀ ಡೆಲ್_ಟೈಮರ್ ಸಾಲದು: ಕಾಲ್‌ಬ್ಯಾಕ್ ಇನ್ನೊಂದು ಸಿಪಿಯುನಲ್ಲಿ ಓಡುತ್ತಿದ್ದರೂ ಅದು ಕಾಯದೆ ವಾಪಸ್ ಬರುತ್ತದೆ. ಡೆಲ್_ಟೈಮರ್_ಸಿಂಕ್ ಬೇಕು, ಹೊಸ ಕರ್ನಲ್‌ಗಳಲ್ಲಿ ಅದರ ಹೆಸರು ಟೈಮರ್_ಡಿಲೀಟ್_ಸಿಂಕ್. ಕಾಲ್‌ಬ್ಯಾಕ್ ಹಿಡಿಯುವ ಲಾಕನ್ನೇ ನೀವು ಹಿಡಿದುಕೊಂಡು ಇದನ್ನು ಕರೆದರೆ ಡೆಡ್‌ಲಾಕ್: ಅದು ಲಾಕ್‌ಗೆ ಕಾಯುತ್ತದೆ, ನೀವು ಅದಕ್ಕೆ ಕಾಯುತ್ತೀರಿ. ವಿ3 ಕೋಡ್ ಇದನ್ನು ಸರಿಯಾಗಿಯೇ ಮಾಡಿತ್ತು: ಕ್ಯೂ ಲಾಕ್ ಹಿಡಿದು ಡಿಲೀಟ್ ಫ್ಲ್ಯಾಗ್ ಹಾಕಿ, ಲಾಕ್ ಬಿಟ್ಟು, ಆಮೇಲೆ ಸಿಂಕ್ ಕರೆ. ಕಾಲ್‌ಬ್ಯಾಕ್ ಆ ಫ್ಲ್ಯಾಗ್ ಕಂಡರೆ ತನ್ನನ್ನು ತಾನು ಮತ್ತೆ ಹೂಡಿಕೊಳ್ಳುವುದಿಲ್ಲ.

ಟೈಮರ್ ವರ್ಕನ್ನು ಹೂಡಿ, ವರ್ಕ್ ಮತ್ತೆ ಟೈಮರನ್ನು ಹೂಡುವ ಡ್ರೈವರ್‌ಗಳಲ್ಲಿ ಯಾವುದನ್ನು ಮೊದಲು ನಿಲ್ಲಿಸಿದರೂ ಇನ್ನೊಂದು ಅದನ್ನು ಎಬ್ಬಿಸುತ್ತದೆ. ಕರ್ನಲ್ 6.2ರಿಂದ ಟೈಮರ್_ಶಟ್‌ಡೌನ್_ಸಿಂಕ್ ಇದೆ. ಅದು ನಿಲ್ಲಿಸಿದ ಟೈಮರನ್ನು ಮತ್ತೆ ಹೂಡಲು ಹೋದರೆ ಸುಮ್ಮನೆ ಕಡೆಗಣಿಸುತ್ತದೆ. ಮೊದಲು ಅದು, ಆಮೇಲೆ ಕ್ಯಾನ್ಸಲ್_ವರ್ಕ್_ಸಿಂಕ್, ಕೊನೆಗೆ ಕೆಫ್ರೀ. ಇಂಟರಪ್ಟ್ ಇದ್ದರೆ ಅದನ್ನು ಇವೆಲ್ಲಕ್ಕೂ ಮೊದಲು ಕಳಚಿ. ಡೆವ್‌ಎಂ (ಡ್ರೈವರ್ ಪಡೆದದ್ದನ್ನು ತಾನಾಗಿಯೇ ಬಿಡುಗಡೆ ಮಾಡುವ ವ್ಯವಸ್ಥೆ) ಮೂಲಕ ಕೇಳಿಕೊಂಡ ಇಂಟರಪ್ಟ್ ಬಿಡುಗಡೆಯಾಗುವುದು ರಿಮೂವ್ ಫಂಕ್ಷನ್ ಮುಗಿದ ಮೇಲೆ ಎಂಬುದು ನೆನಪಿರಲಿ.

ಪಟ್ಟಿಯಿಂದ ಹುಡುಕಿ ತೆಗೆಯುವ ವಸ್ತುಗಳದ್ದು ಬೇರೆ ಕಥೆ. ಆರ್‌ಸಿಯು (ಓದುವವರು ಮುಗಿಸುವ ತನಕ ಫ್ರೀಯನ್ನು ಮುಂದೂಡುವ ವ್ಯವಸ್ಥೆ) ರೀಡ್ ಲಾಕ್ ಒಳಗೆ ವಸ್ತು ಸಿಕ್ಕಿತು, ರೆಫ್‌ಕೌಂಟ್_ಇಂಕ್ ಮಾಡಿ ಉಲ್ಲೇಖಗಳ ಎಣಿಕೆ ಏರಿಸಿದಿರಿ, ಆದರೆ ಎಣಿಕೆ ಅಷ್ಟರಲ್ಲಿ ಸೊನ್ನೆಯಾಗಿತ್ತು. ಸತ್ತದ್ದಕ್ಕೆ ಉಲ್ಲೇಖ ಹಿಡಿದಂತಾಯಿತು. ರೆಫ್‌ಕೌಂಟ್_ಇಂಕ್_ನಾಟ್_ಝೀರೋ ಬಳಸಿ, ವಿಫಲವಾದರೆ ವಸ್ತು ಇಲ್ಲವೆಂದೇ ತಿಳಿಯಿರಿ, ಫ್ರೀಯನ್ನು ಕೆಫ್ರೀ_ಆರ್‌ಸಿಯುಗೆ ಒಪ್ಪಿಸಿ. ಸ್ಲ್ಯಾಬ್_ಟೈಪ್‌ಸೇಫ್_ಬೈ_ಆರ್‌ಸಿಯು ಇರುವ ಕ್ಯಾಶ್ ಆದರೆ ಉಲ್ಲೇಖ ಸಿಕ್ಕ ಮೇಲೆ ಕೀಯನ್ನು ಮತ್ತೊಮ್ಮೆ ಹೋಲಿಸಬೇಕು, ಆ ಜಾಗದಲ್ಲಿ ಅಷ್ಟರೊಳಗೆ ಅದೇ ಜಾತಿಯ ಬೇರೊಂದು ವಸ್ತು ಕೂತಿರಬಹುದು.

ಪರೀಕ್ಷೆ, ಕಳುಹಿಸುವುದು, ಬ್ಯಾಕ್‌ಪೋರ್ಟ್

ಪ್ಯಾಚ್ ಹಾಕಿದ ಮೇಲೂ ಎಂಡಿಲೇ ಹಾಗೇ ಇರಲಿ. ಮೊದಲು ಪ್ರತಿ ಸಲ ಬೀಳುತ್ತಿದ್ದ ಪರೀಕ್ಷೆ ಈಗ ರಾತ್ರಿಯಿಡೀ ಓಡಬೇಕು, ಪ್ಯಾಚ್ ತೆಗೆದರೆ ತಕ್ಷಣ ಬೀಳಬೇಕು. ಲಾಕ್‌ಡೆಪ್ ಒಂದು ಮಾತೂ ಆಡಬಾರದು. ಲಾಕ್ ಮೇಲಕ್ಕೆ ಸರಿದಾಗ ಕ್ರಮ ಬದಲಾಗುತ್ತದೆ, ನೆಟ್‌ವರ್ಕ್ ಕೋಡ್‌ನಲ್ಲಿ ಆರ್‌ಟಿಎನ್‌ಎಲ್ ಲಾಕ್ (ನೆಟ್‌ವರ್ಕ್ ಸಂರಚನೆಯ ಲಾಕ್) ಮತ್ತು ಲಾಕ್_ಸಾಕ್ ಅಡ್ಡಹಾಯುವುದು ಸಾಮಾನ್ಯ. ಎರರ್ ದಾರಿಗಳನ್ನೂ ಓಡಿಸಿ: ಫಾಲ್ಟ್ ಇಂಜೆಕ್ಷನ್‌ನಿಂದ ಅಲೊಕೇಶನ್ ಬೀಳಿಸಿದರೆ ರಿಲೀಸ್ ಮರೆತ ಗೋಟೂ ಸಿಕ್ಕಿಬೀಳುತ್ತದೆ.

ಕಮಿಟ್ ಸಂದೇಶದಲ್ಲಿ ಎರಡು ಸಿಪಿಯುಗಳ ಹೆಜ್ಜೆಗಳನ್ನು ಎರಡು ಕಂಬಸಾಲಾಗಿ ಬರೆಯಿರಿ, ರಿವ್ಯೂ ಮಾಡುವವರಿಗೆ ಅದಕ್ಕಿಂತ ಉಪಯೋಗದ್ದು ಇನ್ನಿಲ್ಲ. ಫಿಕ್ಸಸ್ ಟ್ಯಾಗ್‌ನಲ್ಲಿ ಬಗ್ ತಂದ ಕಮಿಟ್‌ನ ಮೊದಲ 12 ಅಕ್ಷರ ಮತ್ತು ಶೀರ್ಷಿಕೆ. ಸಾಮಾನ್ಯ ಬಳಕೆದಾರ ರೂಟ್ ಆಗಬಲ್ಲ ಬಗ್ ಆದರೆ ಸಾರ್ವಜನಿಕ ಪಟ್ಟಿಗೆ ಹಾಕುವ ಮೊದಲು ಕರ್ನಲ್ ಸೆಕ್ಯುರಿಟಿ ತಂಡಕ್ಕೆ ಬರೆಯಿರಿ.

ಹಳೆಯ ಸ್ಟೇಬಲ್ ಮರಗಳಿಗೆ (ಇನ್ನೂ ರಿಪೇರಿ ಪಡೆಯುವ ಹಳೆಯ ಕರ್ನಲ್ ಆವೃತ್ತಿಗಳಿಗೆ) ಒಯ್ಯುವಾಗ ಚೆರ್ರಿ-ಪಿಕ್ (ಒಂದೇ ಕಮಿಟನ್ನು ಎತ್ತಿ ಹಾಕುವುದು) ತಕರಾರಿಲ್ಲದೆ ಕೂತಿತು ಎಂದು ನಂಬಬೇಡಿ. ಒಂದು ಮರದಲ್ಲಿ ಲಾಕ್ ಫಂಕ್ಷನ್ ಒಳಗೆ, ಇನ್ನೊಂದರಲ್ಲಿ ಕರೆಯುವವರ ಬಳಿ. ಅದಲುಬದಲಾದರೆ ಒಂದೋ ಯಾರೂ ಲಾಕ್ ಹಿಡಿದಿರುವುದಿಲ್ಲ, ಇಲ್ಲವೇ ಒಂದೇ ಥ್ರೆಡ್ ಲಾಕ್_ಸಾಕನ್ನು ಎರಡು ಸಲ ಹಿಡಿಯಲು ಹೋಗಿ ಅಲ್ಲೇ ನಿಲ್ಲುತ್ತದೆ. ಪ್ರತಿ ಮರದಲ್ಲೂ ಎಂಡಿಲೇ ಹಾಕಿ ಅದೇ ಪರೀಕ್ಷೆ ಮತ್ತೆ ಓಡಿಸಿ.